ಕಾಪಿರೈಟ್ ದೂರಿಗೆ ಮುಚ್ಚಿಹೋದ ವ್ಯಾಪಾರದ ಖಾತೆ: ಮೇಲ್ಮನವಿ ಸಮಿತಿಯವರೆಗಿನ ಅನುಭವ

ಕೈಮಗ್ಗದ ಸೀರೆಗಳನ್ನು ನೇಕಾರರಿಂದ ನೇರವಾಗಿ ಕೊಂಡು, ಸಾಮಾಜಿಕ ಜಾಲತಾಣವೊಂದರ ಪುಟದ ಮೂಲಕ ಮಾರುವುದು ನನ್ನ ಜೀವನೋಪಾಯ. ನನಗೆ ಅಂಗಡಿಯಿಲ್ಲ, ಗ್ರಾಹಕರು ಸೀರೆಯ ಚಿತ್ರ ನೋಡುವುದೂ ಬೆಲೆ ಕೇಳುವುದೂ ವಿಳಾಸ ಕಳುಹಿಸುವುದೂ ಆ ಪುಟದಲ್ಲಿಯೇ. 2024ರ ಸೆಪ್ಟೆಂಬರ್‌ನಲ್ಲಿ, ದಸರೆಯ ಬೇಡಿಕೆ ಏರತೊಡಗಿದ್ದ ಹೊತ್ತಿನಲ್ಲಿ, ಕಾಪಿರೈಟ್ ಉಲ್ಲಂಘನೆಯ ಕಾರಣ ಕೊಟ್ಟು ಆ ಪುಟವನ್ನು ಮುಚ್ಚಲಾಯಿತು. ಅದು ಮರಳಿ ತೆರೆದದ್ದು ವರ್ಷ ಮುಗಿಯುವ ಹೊತ್ತಿಗೆ. ಯಾರಿಗೆ ದೂರು ಕೊಡಬೇಕು, ಯಾವ ಕ್ರಮದಲ್ಲಿ ಕೊಡಬೇಕು, ಕೈಯಲ್ಲಿ ಯಾವ ದಾಖಲೆ ಇರಬೇಕು ಎಂಬುದನ್ನೆಲ್ಲ ಒಂದೇ ಕಡೆ ಕನ್ನಡದಲ್ಲಿ ಹೇಳುವ ಬರಹ ಆಗ ನನಗೆ ಸಿಗಲಿಲ್ಲ. ಇದೇ ಸ್ಥಿತಿಯಲ್ಲಿರುವ ಇನ್ನೊಬ್ಬರಿಗಾದರೂ ಅದು ಸಿಗಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ಸೂಚನೆ ಬಂದದ್ದು ಆಗಸ್ಟ್ ಕೊನೆಯಲ್ಲಿ. ಇಳಕಲ್ ಸೀರೆಯ ಸೆರಗಿನ ಚಿತ್ರವಿದ್ದ ಒಂದು ಪೋಸ್ಟನ್ನು ತೆಗೆದುಹಾಕಿರುವುದಾಗಿಯೂ, ಆ ಚಿತ್ರ ತಮ್ಮದೆಂದು ಬೇರೊಬ್ಬ ವ್ಯಾಪಾರಿ ದೂರು ಕೊಟ್ಟಿರುವುದಾಗಿಯೂ ಅದರಲ್ಲಿತ್ತು. ಕೆಳಗೆ ದೂರುದಾರರ ವ್ಯಾಪಾರದ ಹೆಸರು, ಒಂದು ಇಮೇಲ್ ವಿಳಾಸ, ದೂರಿನ ಸಂಖ್ಯೆ ಇದ್ದವು. ಆ ಚಿತ್ರವನ್ನು ನಮ್ಮ ಮನೆಯ ಅಂಗಳದಲ್ಲಿ ತೆಗೆದದ್ದು ನಾನೇ. ದೂರುದಾರರ ಪುಟವನ್ನು ಹುಡುಕಿ ನೋಡಿದಾಗ ಅಲ್ಲಿ ನನ್ನ ಹಲವಾರು ಚಿತ್ರಗಳಿದ್ದವು. ಮೂಲೆಯಲ್ಲಿ ಅವರ ಲಾಂಛನವನ್ನು ಕೂಡಿಸಲಾಗಿತ್ತು, ಪ್ರಕಟವಾದ ದಿನಾಂಕಗಳೆಲ್ಲ ನನ್ನವುಗಳಿಗಿಂತ ವಾರಗಟ್ಟಲೆ ಈಚಿನವು. ನನ್ನ ಚಿತ್ರವನ್ನು ಎತ್ತಿಕೊಂಡವರೇ ಅದರ ಮಾಲೀಕರೆಂದು ದೂರು ಕೊಟ್ಟಿದ್ದರು.

ಇಂಥ ಸೂಚನೆ ಬಂದ ಕೂಡಲೇ ಉತ್ತರ ಬರೆಯಲು ಕೂರುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ದೂರುದಾರರ ಪುಟದಲ್ಲಿರುವ ನಿಮ್ಮ ಪ್ರತಿಯೊಂದು ಚಿತ್ರದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅದರಲ್ಲಿ ಪುಟದ ಪೂರ್ಣ ಕೊಂಡಿ, ಪ್ರಕಟಣೆಯ ದಿನಾಂಕ, ನಿಮ್ಮ ಕಂಪ್ಯೂಟರಿನ ಗಡಿಯಾರ ಮೂರೂ ಕಾಣಬೇಕು. ಅದೇ ರೀತಿಯಲ್ಲಿ ನಿಮ್ಮ ಪುಟದ ಮೂಲ ಪೋಸ್ಟುಗಳನ್ನೂ ಉಳಿಸಿಟ್ಟುಕೊಳ್ಳಿ, ಏಕೆಂದರೆ ಖಾತೆ ಮುಚ್ಚಿದ ಮೇಲೆ ಅವು ನಿಮಗೇ ಕಾಣುವುದಿಲ್ಲ. ನನ್ನ ತಮ್ಮ ಕಂಪ್ಯೂಟರ್ ಕೆಲಸ ಬಲ್ಲವನಾದ್ದರಿಂದ ಅದೇ ರಾತ್ರಿ ಇವೆಲ್ಲವನ್ನೂ ಉಳಿಸಿದ. ಮುಂದೆ ದೂರುದಾರರು ಆ ಚಿತ್ರಗಳನ್ನು ಸದ್ದಿಲ್ಲದೆ ಅಳಿಸಿಹಾಕಿದಾಗ ನಮ್ಮ ಬಳಿ ಉಳಿದದ್ದು ಆ ರಾತ್ರಿಯ ಪ್ರತಿಗಳು ಮಾತ್ರ.

ಸೂಚನೆಯ ಕೆಳಗೆ ಆಕ್ಷೇಪಣೆ ಸಲ್ಲಿಸುವ ಒಂದು ನಮೂನೆಯಿತ್ತು. ಅದರ ರಚನೆಯೆಲ್ಲ ಅಮೆರಿಕದ 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆಯನ್ನು ಅನುಸರಿಸಿದ್ದು. ವಿವಾದವಾದರೆ ಅಮೆರಿಕದ ಜಿಲ್ಲಾ ನ್ಯಾಯಾಲಯವೊಂದರ ಅಧಿಕಾರ ವ್ಯಾಪ್ತಿಗೆ ಒಪ್ಪುತ್ತೇನೆ ಎಂಬ ಸಾಲಿಗೂ ಗುರುತು ಹಾಕಬೇಕಿತ್ತು. ಓದಿ ಕೈ ನಡುಗಿದ್ದು ನಿಜ. ಆದರೂ ಭರ್ತಿ ಮಾಡಿ ಕಳುಹಿಸಿದೆ. ಚಿತ್ರ ನಿಮ್ಮದೆಂದು ಸಾಬೀತಾಗಿಲ್ಲ ಎಂಬ ಸಿದ್ಧ ಉತ್ತರ ಬಂತು. ಅಷ್ಟರಲ್ಲಿ ಅದೇ ದೂರುದಾರರಿಂದ ಇನ್ನಷ್ಟು ದೂರುಗಳು ಸಾಲಾಗಿ ಬಂದು, ಇನ್ನಷ್ಟು ಪೋಸ್ಟುಗಳು ಹೋದವು. ಸೆಪ್ಟೆಂಬರ್ ನಡುವಿನ ಒಂದು ಬೆಳಗ್ಗೆ, ಪದೇ ಪದೇ ಉಲ್ಲಂಘನೆ ಮಾಡಿದ ಕಾರಣಕ್ಕೆ ಖಾತೆಯನ್ನೇ ನಿಷ್ಕ್ರಿಯಗೊಳಿಸಲಾಗಿದೆ ಎಂಬ ಸಂದೇಶ ಕಂಡಿತು. ವರ್ಷಗಳಿಂದ ಒಬ್ಬೊಬ್ಬರಾಗಿ ಕೂಡಿಬಂದ ಗ್ರಾಹಕರು, ಅವರ ಸಂದೇಶಗಳು, ಯಾರಿಗೆ ಯಾವ ಸೀರೆ ಕಳುಹಿಸಬೇಕಿತ್ತೆಂಬ ಮಾತುಕತೆ, ಜಾಹೀರಾತಿಗೆಂದು ಮುಂಗಡ ಕಟ್ಟಿದ್ದ ಹಣ, ಎಲ್ಲವೂ ಅದರೊಳಗೇ ಉಳಿದವು.

ಅಂದು ಸಂಜೆಯೇ ಪರಿಚಯದ ವಕೀಲರೊಬ್ಬರಿಗೆ ಕರೆ ಮಾಡಿದೆ. ಅವರು ಸಮಾಧಾನದ ಮಾತು ಹೇಳುವ ಮೊದಲು ಕೇಳಿದ ಪ್ರಶ್ನೆ, "ಖಾತೆ ಮುಚ್ಚಿದ್ದು ಯಾರ ಮಾತಿನ ಮೇಲೆ?" ಎಂಬುದು. ಈ ಪ್ರಶ್ನೆಯ ತೂಕ ನನಗೆ ತಿಳಿದದ್ದು ಅವರು ವಿವರಿಸಿದ ಮೇಲೆಯೇ. ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಅಡಿಯಲ್ಲಿ ತಡೆ ಆದೇಶ ಹೊರಡಿಸಿದ್ದರೆ ಅದಕ್ಕೆ 2009ರ ತಡೆ ನಿಯಮಗಳ ಬೇರೆಯೇ ಹಾದಿ ಇದೆ. ಆ ಬಗೆಯ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಂಸ್ಥೆ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ವೆಚ್ಚ ವಿಧಿಸಿ ವಜಾ ಮಾಡಿತ್ತು ಎಂಬುದನ್ನು ನೆನಪಿಸಿ, ನಮ್ಮದು ಅಂಥದ್ದಲ್ಲ ಎಂದು ಧೈರ್ಯ ಹೇಳಿದರು. ನಮ್ಮದು ಖಾಸಗಿ ವ್ಯಕ್ತಿಯ ದೂರು, ಅದರ ಮೇಲೆ ಸಂಸ್ಥೆ ತನ್ನ ನೀತಿಯ ಪ್ರಕಾರ ಕೈಗೊಂಡ ಕ್ರಮ. ಅದಕ್ಕೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಹಾದಿ ಇದೆ: ಮೊದಲು ಸಂಸ್ಥೆಯ ಕುಂದುಕೊರತೆ ಅಧಿಕಾರಿ, ನಂತರ ಕೇಂದ್ರ ಸರ್ಕಾರ ರಚಿಸಿರುವ ಕುಂದುಕೊರತೆ ಮೇಲ್ಮನವಿ ಸಮಿತಿ, ಅದೂ ಫಲಿಸದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ.

ಅವರು ಒತ್ತಿ ಹೇಳಿದ ಇನ್ನೊಂದು ಸಂಗತಿಯನ್ನು ಈ ಬರಹದಲ್ಲಿ ಬೇರೇನು ಮರೆತರೂ ಮರೆಯಬೇಡಿ. ಆ್ಯಪಿನೊಳಗೆ "ಮರುಪರಿಶೀಲನೆಗೆ ಮನವಿ" ಎಂಬ ಗುಂಡಿ ಒತ್ತಿ ಕಳುಹಿಸುವ ಕೋರಿಕೆ ಬೇರೆ, ಭಾರತದ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಗೆ ಸಲ್ಲಿಸುವ ದೂರು ಬೇರೆ. ಮೊದಲನೆಯದಕ್ಕೆ ಸಂಸ್ಥೆ ಯಾವಾಗ ಉತ್ತರಿಸಬೇಕೆಂಬುದು ಅದರ ಇಷ್ಟ. ಎರಡನೆಯದಕ್ಕೆ 24 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ನನ್ನ ದೂರಿನ ಕಾಲದಲ್ಲಿದ್ದ ನಿಯಮದಂತೆ 15 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಮೇಲ್ಮನವಿ ಸಮಿತಿ ಕೇಳುವುದೂ ಈ ಎರಡನೆಯ ದೂರಿನ ಸಂಖ್ಯೆ ಮತ್ತು ಉತ್ತರವನ್ನೇ. ಗುಂಡಿ ಒತ್ತಿ ತಿಂಗಳುಗಟ್ಟಲೆ ಕಾಯುತ್ತಾ ಕುಳಿತಿರುವ ಹಲವು ವ್ಯಾಪಾರಿಗಳನ್ನು ಆಮೇಲೆ ನಾನು ಕಂಡೆ. ಅವರ ಪ್ರಕರಣದಲ್ಲಿ ಕಾನೂನಿನ ಗಡಿಯಾರ ಇನ್ನೂ ಚಲಿಸಲು ಆರಂಭಿಸಿಯೇ ಇರಲಿಲ್ಲ.

50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲಿಯೇ ವಾಸಿಸುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಎದ್ದುಕಾಣುವಂತೆ ಪ್ರಕಟಿಸಬೇಕು ಎಂದು ನಿಯಮ ಹೇಳುತ್ತದೆ. ನಮಗೆ ಆ ವಿವರ ಸಿಕ್ಕಿದ್ದು ಸಹಾಯ ಪುಟಗಳ ಒಳಪುಟಗಳಲ್ಲಿ, ಬಹಳ ಹುಡುಕಿದ ಮೇಲೆ. ಖಾತೆ ಮುಚ್ಚಿದವರಿಗೆ ಇನ್ನೊಂದು ತೊಡಕಿದೆ: ದೂರಿನ ನಮೂನೆ ತೆರೆಯಬೇಕಾದರೆ ಲಾಗಿನ್ ಆಗಬೇಕು, ಲಾಗಿನ್ ಆಗಲು ಖಾತೆಯೇ ಇಲ್ಲ. ಹೀಗಾಗಿ ಇಮೇಲ್ ಮೂಲಕವೇ ದೂರು ಕಳುಹಿಸಿ, ಅದರ ಮುದ್ರಿತ ಪ್ರತಿಯನ್ನು ಪ್ರಕಟಿತ ಅಂಚೆ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿಯೂ ಕಳುಹಿಸಿದೆವು. ಅಂಚೆ ರಸೀದಿ ಮುಂದೆ ದಿನಾಂಕದ ಸಾಕ್ಷಿಯಾಗಿ ಉಪಯೋಗಕ್ಕೆ ಬಂತು. ಖಾತೆಗೆ ಜೋಡಿಸಿದ್ದ ಇಮೇಲಿನಿಂದಲೇ ದೂರು ಹೋಗಬೇಕು ಎಂಬುದನ್ನು ಗಮನಿಸಿ. ಬೇರೆ ವಿಳಾಸದಿಂದ ಬರೆದರೆ ನೀವೇ ಖಾತೆದಾರರೆಂದು ಮೊದಲು ತೋರಿಸಬೇಕಾಗುತ್ತದೆ.

ದೂರಿನ ಕರಡನ್ನು ವಕೀಲರು ಚಿಕ್ಕದಾಗಿಯೇ ಬರೆದರು. ಭಾರತದ ಕಾಪಿರೈಟ್ ಕಾಯ್ದೆಯ 52(1)(ಸಿ) ಕಲಂ ಮತ್ತು 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ ಅದರ ಬೆನ್ನೆಲುಬು. ಆ ನಿಯಮದ ಪ್ರಕಾರ ಮಾಲೀಕರೆಂದು ಹೇಳಿಕೊಳ್ಳುವವರು ಲಿಖಿತ ದೂರು ಕೊಟ್ಟರೆ ಜಾಲತಾಣ 36 ಗಂಟೆಗಳೊಳಗೆ ಆ ವಸ್ತುವನ್ನು ತಡೆಹಿಡಿಯಬೇಕು. ಆದರೆ ದೂರುದಾರರು ತಮ್ಮ ಮಾಲೀಕತ್ವದ ವಿವರ ಕೊಡಬೇಕು, ನ್ಯಾಯಾಲಯದಲ್ಲಿ ದಾವೆ ಹೂಡಿ 21 ದಿನಗಳೊಳಗೆ ಆದೇಶ ತಂದುಕೊಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಆ ಅವಧಿಯಲ್ಲಿ ಆದೇಶ ಬಾರದಿದ್ದರೆ ಜಾಲತಾಣ ಆ ವಸ್ತುವನ್ನು ಮತ್ತೆ ಲಭ್ಯವಾಗಿಸಬಹುದು. ನಾವು ಕೇಳಿದ್ದು ಇಷ್ಟೇ: ದೂರುದಾರರು ಕೊಟ್ಟ ಮಾಲೀಕತ್ವದ ದಾಖಲೆ ಯಾವುದು, ಮುಚ್ಚಳಿಕೆಯ ಪ್ರತಿ ಎಲ್ಲಿ, 21 ದಿನಗಳಲ್ಲಿ ಯಾವ ನ್ಯಾಯಾಲಯದ ಆದೇಶ ಬಂತು? ಇದರ ಜೊತೆಗೆ, ಪೋಸ್ಟುಗಳನ್ನು ತೆಗೆದದ್ದು ದೂರಿನ ಮೇಲೆ ಎಂದಾದರೂ ಇಡೀ ಖಾತೆಯನ್ನು ಮುಚ್ಚಿದ್ದು ಸಂಸ್ಥೆಯ ಸ್ವಂತ ನಿರ್ಧಾರ. ಆದ್ದರಿಂದ 2021ರ ನಿಯಮಗಳ 4(8)ರಂತೆ ಮುಂಚಿತವಾಗಿ ಕಾರಣ ತಿಳಿಸಿ, ಆಕ್ಷೇಪಿಸಲು ಸಾಕಷ್ಟು ಅವಕಾಶ ಕೊಡಬೇಕಿತ್ತು ಎಂಬ ವಾದವನ್ನೂ ಸೇರಿಸಿದರು.

ಚಿತ್ರಗಳು ನನ್ನವೆಂದು ತೋರಿಸುವ ಕೆಲಸವೇ ಎಲ್ಲಕ್ಕಿಂತ ದೀರ್ಘವಾದದ್ದು. ಕೆಲವು ಚಿತ್ರಗಳನ್ನು ನಾನು ಫೋನಿನಲ್ಲಿ ತೆಗೆದಿದ್ದೆ, ಉಳಿದವನ್ನು ಊರಿನ ಒಬ್ಬ ಹುಡುಗ ಹಣ ಪಡೆದು ಕ್ಯಾಮೆರಾದಲ್ಲಿ ತೆಗೆದುಕೊಟ್ಟಿದ್ದ. ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರೇ ಮೊದಲ ಮಾಲೀಕರು ಎಂದು ಕಾಪಿರೈಟ್ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆದರೆ ಹಣ ಕೊಟ್ಟದ್ದಕ್ಕೆ ಆಧಾರ ಬೇಕಲ್ಲ. ಯುಪಿಐ ಮೂಲಕ ಪಾವತಿಸಿದ್ದರಿಂದ ಬ್ಯಾಂಕಿನ ವಿವರಪಟ್ಟಿಯಲ್ಲಿ ಆ ಪಾವತಿಗಳು ಸಿಕ್ಕವು. ಆ ಹುಡುಗನಿಂದ ಒಂದು ಸಹಿ ಮಾಡಿದ ಹೇಳಿಕೆಯನ್ನೂ ಪಡೆದೆವು. "ಅಕ್ಕಾ, ಮೂಲ ಫೈಲುಗಳು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇವೆ" ಎಂದು ಅವನು ಹೇಳಿದಾಗ ನನಗೆ ಹಲವು ದಿನಗಳ ನಂತರ ನೆಮ್ಮದಿಯ ಉಸಿರು ಬಂತು.

ಮೂಲ ಫೈಲಿನ ಬೆಲೆ ಏನೆಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಕ್ಯಾಮೆರಾ ಅಥವಾ ಫೋನು ಚಿತ್ರ ತೆಗೆಯುವಾಗ ಅದರೊಳಗೆ ದಿನಾಂಕ, ಸಮಯ, ಉಪಕರಣದ ಮಾದರಿ ಮುಂತಾದ ವಿವರಗಳನ್ನು ಬರೆದಿಡುತ್ತದೆ. ಜಾಲತಾಣಗಳಿಗೆ ಏರಿಸಿದಾಗ, ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ, ಆ ವಿವರಗಳು ಅಳಿದುಹೋಗುತ್ತವೆ, ಚಿತ್ರವೂ ಕುಗ್ಗುತ್ತದೆ. ಎಂದರೆ, ಪುಟದಿಂದ ಚಿತ್ರವನ್ನು ಎತ್ತಿಕೊಂಡವರ ಬಳಿ ಇರುವುದು ಆ ವಿವರಗಳಿಲ್ಲದ ಸಣ್ಣ ಪ್ರತಿ. ತೆಗೆದವರ ಬಳಿ ಇರುವುದು ಪೂರ್ಣ ಗಾತ್ರದ ಮೂಲ. ಇದಕ್ಕಿಂತಲೂ ಬಲವಾದ ಸಾಕ್ಷಿಯೆಂದರೆ ಎಲ್ಲಿಯೂ ಪ್ರಕಟಿಸದ ಚಿತ್ರಗಳು. ಅದೇ ಸೆರಗು, ಅದೇ ಗೋಡೆ, ಅದೇ ಬೆಳಕಿನಲ್ಲಿ, ಕ್ಷಣಗಳ ಅಂತರದಲ್ಲಿ ತೆಗೆದ ಹಿಂದಿನ ಮುಂದಿನ ಚಿತ್ರಗಳು ನಿಜವಾಗಿ ತೆಗೆದವರ ಬಳಿ ಮಾತ್ರ ಇರಲು ಸಾಧ್ಯ. ಪ್ರತಿ ವಿವಾದಿತ ಚಿತ್ರಕ್ಕೂ ಅಂಥ ಜೊತೆ ಚಿತ್ರಗಳನ್ನು ಹುಡುಕಿ, ಎಡಕ್ಕೆ ನನ್ನ ಮೂಲ, ಬಲಕ್ಕೆ ಅವರ ಪ್ರತಿ, ಕೆಳಗೆ ದಿನಾಂಕಗಳು ಎಂಬಂತೆ ಒಂದು ಪಿಡಿಎಫ್ ಮಾಡಿದೆವು. ಈ ಒಂದು ಕಡತವೇ ಕೊನೆಗೆ ನಮ್ಮನ್ನು ದಡ ಸೇರಿಸಿತು ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಮಾರಾಟಕ್ಕೆಂದು ಚಿತ್ರ ತೆಗೆಯುವವರು ಚೆನ್ನಾಗಿ ಬಾರದ ಚಿತ್ರಗಳನ್ನೂ ಅಳಿಸಬೇಡಿ, ಛಾಯಾಗ್ರಾಹಕರಿಂದ ಮೂಲ ಫೈಲುಗಳನ್ನು ಕೇಳಿ ಪಡೆಯಿರಿ, ಹಣವನ್ನು ದಾಖಲೆ ಉಳಿಯುವಂತೆ ಕೊಡಿ.

ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದರೆ ಬೇಕಾಗುತ್ತದೆಂದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರವನ್ನೂ ವಕೀಲರು ಸಿದ್ಧಪಡಿಸಿಟ್ಟರು. 2024ರ ಜುಲೈ 1ರಿಂದ ಹಳೆಯ 65ಬಿ ಕಲಮಿನ ಜಾಗದಲ್ಲಿ ಜಾರಿಗೆ ಬಂದಿರುವುದು ಇದು. ನಮಗೆ ಅದನ್ನು ಬಳಸುವ ಸಂದರ್ಭ ಬರಲಿಲ್ಲ.

ದೂರು ಕಳುಹಿಸಿದ ಮೇಲೆ ಕಾಯುವ ದಿನಗಳು. ಸ್ವೀಕೃತಿ ಮರುದಿನವೇ ಬಂತು, ಟಿಕೆಟ್ ಸಂಖ್ಯೆಯೂ ಅದರಲ್ಲಿತ್ತು. ಆಮೇಲೆ ಮೌನ. ನವರಾತ್ರಿ ಆರಂಭವಾಯಿತು. ನನ್ನಿಂದ ಸೀರೆ ಕೊಳ್ಳುವ ಭರವಸೆಯ ಮೇಲೆ ಮಗ್ಗ ನಡೆಸುವ ಹಿರಿಯ ನೇಕಾರರೊಬ್ಬರು ಕರೆ ಮಾಡಿ, "ಅಕ್ಕಾರ, ಹೊಸ ಹಾಸು ಹೂಡ್ಲೇನ್ರಿ, ತಡೀಲೇನ್ರಿ?" ಎಂದು ಕೇಳಿದರು. ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಒಂದು ಪುಟ ಮುಚ್ಚಿದರೆ ಅದನ್ನು ನಡೆಸುವವರ ಮನೆ ಮಾತ್ರ ಮಂಕಾಗುವುದಿಲ್ಲ. ಅದರ ಹಿಂದೆ ನೂಲು ಸುತ್ತುವವರು, ಬಣ್ಣ ಹಾಕುವವರು, ನೇಯುವವರು ಇದ್ದಾರೆ. ಈ ನಿಯಮಗಳ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅವರ ವಿಷಯ ಬರುವುದೇ ಅಪರೂಪ.

ಈ ನಡುವೆ ಯಾರೂ ಎಣಿಸದ ಇನ್ನೊಂದು ಸಂಕಟ ಎದುರಾಯಿತು. ಮುಂಗಡ ಕಳುಹಿಸಿ ಸೀರೆಗಾಗಿ ಕಾಯುತ್ತಿದ್ದ ಹೊರರಾಜ್ಯದ ಗ್ರಾಹಕರೊಬ್ಬರು ನನ್ನ ಪುಟವನ್ನು ಹುಡುಕಿ, ಅದು ಕಾಣದೆ ಹೋದಾಗ ಮೋಸವಾಯಿತೆಂದು ತಿಳಿದು 1930 ಸಹಾಯವಾಣಿಗೆ ದೂರು ಕೊಟ್ಟರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಸೈಬರ್ ವಂಚನೆಯ ಹಣ ಕೈಬದಲಾಗದಂತೆ ತಡೆಯುವ ಆ ವ್ಯವಸ್ಥೆಯ ಉದ್ದೇಶ ಒಳ್ಳೆಯದೇ. ಆದರೆ ನನ್ನ ಬ್ಯಾಂಕು ವಿವಾದದ ಮೊತ್ತವನ್ನಷ್ಟೇ ಅಲ್ಲ, ಇಡೀ ಖಾತೆಯಿಂದ ಹಣ ತೆಗೆಯುವುದನ್ನೇ ತಡೆಹಿಡಿದಿತ್ತು. ನೇಕಾರರಿಗೆ ಕೊಡಬೇಕಾದ ಹಣ ಅದರಲ್ಲಿಯೇ ಇತ್ತು. ಒಂದು ಕಡೆ ವ್ಯಾಪಾರ ನಿಂತಿದೆ, ಇನ್ನೊಂದು ಕಡೆ ದುಡಿದಿಟ್ಟ ಹಣವೂ ಕೈಗೆ ಸಿಗುತ್ತಿಲ್ಲ ಎಂಬ ಆ ವಾರ ಈ ಇಡೀ ಪ್ರಕರಣದಲ್ಲಿ ಅತ್ಯಂತ ಕಷ್ಟದ್ದು.

ಇದಕ್ಕೆ ಸಿಲುಕಿದವರು ಮೊದಲು ಬ್ಯಾಂಕಿನ ಶಾಖೆಯಿಂದ ಆ ಸೈಬರ್ ದೂರಿನ ಸ್ವೀಕೃತಿ ಸಂಖ್ಯೆ, ತಡೆಹಿಡಿಯಲು ಹೇಳಿದ ಪೊಲೀಸ್ ಠಾಣೆ ಅಥವಾ ಘಟಕದ ಹೆಸರು, ವಿವಾದದ ಮೊತ್ತ ಇವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಬಾಯಿಮಾತಿನ ವಿವರ ಹಿಡಿದುಕೊಂಡು ಹೊರರಾಜ್ಯದ ಠಾಣೆಯೊಂದಿಗೆ ಮಾತನಾಡಿ ಪ್ರಯೋಜನವಿಲ್ಲ. ನಾನು ಆ ಗ್ರಾಹಕರ ಹೆಸರಿನ ಬಿಲ್ಲು, ಸೀರೆ ಕಳುಹಿಸಿದ ಸ್ಪೀಡ್ ಪೋಸ್ಟ್ ರಸೀದಿ, ನನ್ನ ಗುರುತಿನ ಚೀಟಿ, ಜಾಲತಾಣದ ಪುಟ ಮುಚ್ಚಿದ ಸಂದೇಶದ ಪ್ರತಿ ಎಲ್ಲವನ್ನೂ ತನಿಖಾಧಿಕಾರಿಗೆ ಇಮೇಲ್ ಮಾಡಿದೆ. ಬಿಲ್ಲಿನ ನಕಲು ಪ್ರತಿಯಲ್ಲಿ ಫೋನ್ ಸಂಖ್ಯೆ ಇದ್ದದ್ದರಿಂದ ಗ್ರಾಹಕರಿಗೆ ನೇರವಾಗಿ ಕರೆ ಮಾಡಲೂ ಸಾಧ್ಯವಾಯಿತು. ಅಷ್ಟರಲ್ಲಿ ಸೀರೆ ಅವರ ಕೈ ಸೇರಿತ್ತು. ಅವರು ಬಹಳ ನೊಂದುಕೊಂಡು, ದೂರು ಮುಂದುವರಿಸುವುದಿಲ್ಲವೆಂದು ಠಾಣೆಗೆ ಬರೆದುಕೊಟ್ಟರು. ಠಾಣೆಯಿಂದ ಬ್ಯಾಂಕಿಗೆ ಪತ್ರ ಹೋದ ಮೇಲೂ ತಡೆ ತೆರವಾಗಲು ಶಾಖೆಗೆ ಮತ್ತೆ ಮತ್ತೆ ಹೋಗಬೇಕಾಯಿತು. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳು ಮಾರುವವರ ಹೆಸರು, ವಿಳಾಸ, ದೂರು ಸ್ವೀಕರಿಸುವವರ ವಿವರ ಗ್ರಾಹಕರಿಗೆ ದೊರೆಯಬೇಕೆನ್ನುತ್ತವೆ. ಪ್ರತಿ ಬಿಲ್ಲಿನ ಮೇಲೂ, ಪ್ರತಿ ಪಾರ್ಸೆಲಿನ ಮೇಲೂ ನಿಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಸ್ಪಷ್ಟವಾಗಿ ಹಾಕಿ. ಪುಟ ಕಾಣೆಯಾದ ದಿನ ಗ್ರಾಹಕರು ಪೊಲೀಸರಿಗಿಂತ ಮೊದಲು ನಿಮಗೆ ಕರೆ ಮಾಡಲು ಅದೊಂದೇ ದಾರಿ.

ಕುಂದುಕೊರತೆ ಅಧಿಕಾರಿಯ ಉತ್ತರ ಗಡುವು ಮುಗಿಯುವ ಹೊತ್ತಿಗೆ ಬಂತು. ಎರಡು ಪ್ಯಾರಾಗಳ ಆ ಪತ್ರದಲ್ಲಿ ನಮ್ಮ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗುವುದಿಲ್ಲ, ಬೇಕಾದರೆ ದೂರುದಾರರನ್ನೇ ಸಂಪರ್ಕಿಸಿ ಎಂದಿತ್ತು. ಅದನ್ನು ಓದಿ ನಾನು ಅತ್ತುಬಿಟ್ಟೆ. ವಕೀಲರಿಗೆ ಮಾತ್ರ ಆ ಪತ್ರದಿಂದ ಸಂತೋಷವಾಗಿತ್ತು, ಏಕೆಂದರೆ ಮೇಲ್ಮನವಿಗೆ ಬೇಕಾಗಿದ್ದ ಲಿಖಿತ ನಿರ್ಧಾರ ಈಗ ಕೈಯಲ್ಲಿತ್ತು. ಆ ಉತ್ತರ ತಲುಪಿದ ದಿನದಿಂದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಉತ್ತರ ಸ್ಪ್ಯಾಮ್ ಕಡತಕ್ಕೆ ಬಿದ್ದರೂ ದಿನಗಳು ಓಡುತ್ತಲೇ ಇರುತ್ತವೆ. ದೂರು ಕೊಟ್ಟ ಮೇಲೆ ಪ್ರತಿದಿನ ಆ ಕಡತವನ್ನೂ ತೆರೆದು ನೋಡಿ.

ಈ ಮೇಲ್ಮನವಿ ಸಮಿತಿಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಆನ್‌ಲೈನ್ ವ್ಯಾಪಾರ ಮಾಡುವ ಬಹುಪಾಲು ಜನರಿಗೆ ಇವು ಇರುವುದೇ ತಿಳಿದಿಲ್ಲ. 2022ರ ಅಕ್ಟೋಬರ್ 28ರ ತಿದ್ದುಪಡಿಯಲ್ಲಿ, ಈ ಸಮಿತಿಗಳನ್ನು ರಚಿಸುವ 3ಎ ನಿಯಮ 2021ರ ನಿಯಮಗಳಿಗೆ ಸೇರಿತು. ಅದರಂತೆ 2023ರ ಜನವರಿಯಲ್ಲಿ ಮೂರು ಸಮಿತಿಗಳ ಅಧಿಸೂಚನೆಯಾಗಿ, ಆ ವರ್ಷದ ಮಾರ್ಚ್ 1ರಿಂದ ಅವು ಕೆಲಸ ಆರಂಭಿಸಿದವು. ಪ್ರತಿ ಸಮಿತಿಯಲ್ಲಿ ಕೇಂದ್ರ ಸರ್ಕಾರ ನೇಮಿಸುವ ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು. ಈ ಮೂವರಲ್ಲಿ ಒಬ್ಬರು ಪದನಿಮಿತ್ತ, ಅಂದರೆ ತಮ್ಮ ಹುದ್ದೆಯ ಕಾರಣಕ್ಕೆ ಬರುವವರು, ಇಬ್ಬರು ಸ್ವತಂತ್ರರು. ಎಲ್ಲವೂ ಆನ್‌ಲೈನ್, ಯಾವ ಶುಲ್ಕವೂ ಇಲ್ಲ, ದೆಹಲಿಗೆ ಹೋಗಬೇಕಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಸರ್ಕಾರವೇ ನೇಮಿಸಿದ ಸಮಿತಿಯ ಕೈಯಲ್ಲಿ ಮಾತಿನ ಹಕ್ಕಿನ ವಿಷಯ ಇರುವುದು ಸರಿಯೇ ಎಂಬ ಪ್ರಶ್ನೆಯನ್ನು ಹಲವರು ಎತ್ತಿದ್ದಾರೆ, ಅದು ಗಂಭೀರವಾದ ಪ್ರಶ್ನೆಯೂ ಹೌದು. ಆದರೆ ಹೈಕೋರ್ಟಿನ ಖರ್ಚು ಭರಿಸಲಾಗದ ಸಣ್ಣ ವ್ಯಾಪಾರಿಗೆ, ದೊಡ್ಡ ಸಂಸ್ಥೆಯಿಂದ ಕಾರಣ ಕೇಳುವ ಬೇರೊಂದು ಜಾಗ ಇಂದು ಇಲ್ಲ ಎಂಬುದನ್ನು ನಾನು ಅನುಭವದಿಂದಲೇ ಹೇಳಬಲ್ಲೆ.

ಜಿಎಸಿ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲಿ ನೋಂದಾಯಿಸಿಕೊಂಡು ಮೇಲ್ಮನವಿ ಸಲ್ಲಿಸಿದೆವು. ಯಾವ ಜಾಲತಾಣ, ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟ ದಿನ, ಟಿಕೆಟ್ ಸಂಖ್ಯೆ, ಅವರ ಉತ್ತರದ ದಿನಾಂಕ ಮತ್ತು ಪ್ರತಿ, ಮೇಲ್ಮನವಿಯ ಆಧಾರಗಳು, ಕೋರುವ ಪರಿಹಾರ, ಇಷ್ಟನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಭರ್ತಿ ಮಾಡುವುದು ಕಷ್ಟವಲ್ಲ. ಪರಿಹಾರವನ್ನು ನಿರ್ದಿಷ್ಟವಾಗಿ ಬರೆಯಿರಿ. "ನ್ಯಾಯ ಕೊಡಿಸಿ" ಎಂದರೆ ಆದೇಶ ಬರೆಯುವವರಿಗೆ ಹಿಡಿತ ಸಿಗುವುದಿಲ್ಲ. ಖಾತೆಯನ್ನು ಅದರ ಎಲ್ಲ ಪೋಸ್ಟುಗಳು, ಸಂದೇಶಗಳು, ಅನುಯಾಯಿಗಳೊಂದಿಗೆ ಮೊದಲಿನಂತೆ ಮರಳಿಸಬೇಕು, ಈ ದೂರುಗಳ ಆಧಾರದ ಮೇಲೆ ದಾಖಲಾದ ಉಲ್ಲಂಘನೆಯ ಗುರುತುಗಳನ್ನು ಅಳಿಸಬೇಕು ಎಂದು ನಾವು ಬರೆದೆವು. ಎರಡನೆಯದನ್ನು ಕೇಳದೇ ಇದ್ದರೆ ಖಾತೆ ಬಂದರೂ ಮುಂದಿನ ಒಂದೇ ದೂರಿಗೆ ಮತ್ತೆ ಹೋಗುವ ಅಪಾಯವಿತ್ತು.

ಮೇಲ್ಮನವಿ ತಲುಪಿದ 30 ದಿನಗಳಲ್ಲಿ ಇತ್ಯರ್ಥಪಡಿಸಲು ಸಮಿತಿ ಪ್ರಯತ್ನಿಸಬೇಕು ಎಂಬುದು ನಿಯಮ. ಆ ಅವಧಿಯಲ್ಲಿ ಸಂಸ್ಥೆಯ ಪ್ರತಿಕ್ರಿಯೆ ತಾಣದಲ್ಲಿ ಕಾಣಿಸಿತು, ಅದಕ್ಕೆ ನಮ್ಮ ಮರು ಉತ್ತರವನ್ನೂ ಸಲ್ಲಿಸಿದೆವು. ಸಂಸ್ಥೆಯ ಪ್ರತಿಕ್ರಿಯೆಯಲ್ಲಿ ದೂರುದಾರರ ಮಾಲೀಕತ್ವದ ದಾಖಲೆಯಾಗಲಿ, ನ್ಯಾಯಾಲಯದ ಆದೇಶವಾಗಲಿ ಇರಲಿಲ್ಲ. ಡಿಸೆಂಬರಿನಲ್ಲಿ ಬಂದ ಆದೇಶವು ನಮ್ಮ ಮೂಲ ಚಿತ್ರಗಳ ಕಡತವನ್ನು ಉಲ್ಲೇಖಿಸಿ, 21 ದಿನಗಳ ಅವಧಿಯಲ್ಲಿ ನ್ಯಾಯಾಲಯದ ಆದೇಶ ಬಾರದಿರುವುದನ್ನು ಗಮನಿಸಿ, ಖಾತೆಯನ್ನು ಮರಳಿಸಲು ಹೇಳಿತು. ನೇಕಾರರಿಗೆ ಕರೆ ಮಾಡಿ ಹಾಸು ಹೂಡಲು ಹೇಳಿದ್ದು ಆ ದಿನ.

ಆದೇಶ ಬಂದ ದಿನವೇ ಖಾತೆ ಬರಲಿಲ್ಲ. ಸಮಿತಿಯ ಆದೇಶವನ್ನು ಜಾರಿಗೊಳಿಸಿ, ಅದರ ವರದಿಯನ್ನು ಸಂಸ್ಥೆ ತನ್ನ ತಾಣದಲ್ಲಿ ಪ್ರಕಟಿಸಬೇಕು. ಆದೇಶದ ಪ್ರತಿಯನ್ನು ಲಗತ್ತಿಸಿ ಅದೇ ಹಳೆಯ ಟಿಕೆಟ್ ಸಂಖ್ಯೆಯಡಿ ನಾವು ಪತ್ರ ಬರೆದೆವು. ಬಳಕೆದಾರರು ಹಾಕಿದ್ದಕ್ಕೆ ಜಾಲತಾಣವನ್ನು ಹೊಣೆ ಮಾಡದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ರಕ್ಷಣೆ ನಿಯಮಗಳನ್ನು ಪಾಲಿಸದಿದ್ದರೆ ಸಿಗುವುದಿಲ್ಲವೆಂಬ 7ನೇ ನಿಯಮವನ್ನು ವಕೀಲರು ಒಂದು ಸಾಲಿನಲ್ಲಿ ನೆನಪಿಸಿದರು. ಕೆಲವು ದಿನಗಳ ನಂತರ ಪುಟ ತೆರೆಯಿತು. ಪೋಸ್ಟುಗಳು, ಸಂದೇಶಗಳು ಇದ್ದವು. ಆದರೆ ಪೋಸ್ಟುಗಳನ್ನು ನೋಡುವವರ ಸಂಖ್ಯೆ ಮೊದಲಿನ ಮಟ್ಟಕ್ಕೆ ಇನ್ನೂ ಬಂದಿಲ್ಲ, ಬೆಲೆಗಳ ಪಟ್ಟಿಯನ್ನು ಮತ್ತೆ ಕಟ್ಟಬೇಕಾಯಿತು.

ಖರ್ಚಿನ ಲೆಕ್ಕ ಕೇಳುವವರಿಗೆ: ಸಮಿತಿಗೆ ಏನೂ ಇಲ್ಲ, ವಕೀಲರಿಗೆ ಎಲ್ಲ ಸೇರಿ 8,000 ರೂಪಾಯಿ, ಅಂಚೆ, ಮುದ್ರಣ, ನೋಟರಿ ಸೇರಿ ಸುಮಾರು 1,500 ರೂಪಾಯಿ. ದೊಡ್ಡ ನಷ್ಟ ದಸರೆ ಮತ್ತು ದೀಪಾವಳಿಯ ವ್ಯಾಪಾರದ್ದು, ಅದನ್ನು ಯಾರೂ ತುಂಬಿಕೊಡುವುದಿಲ್ಲ. ಗ್ರಾಹಕರ ಪಟ್ಟಿಯನ್ನು ಈಗ ಅವರ ಒಪ್ಪಿಗೆ ಪಡೆದು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದೇನೆ, ಒಂದು ಸರಳವಾದ ಸ್ವಂತ ವೆಬ್‌ಸೈಟನ್ನೂ ಮಾಡಿಸುತ್ತಿದ್ದೇನೆ. ಈ ಹಾದಿಯಲ್ಲಿ ಹೊರಡುವವರು ನಾನು ಹೇಳಿದ ಗಡುವುಗಳನ್ನೇ ನಂಬಿ ಕೂರದೆ, ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ತಾಣದಲ್ಲಿರುವ ನಿಯಮಗಳ ಇತ್ತೀಚಿನ ಪಠ್ಯವನ್ನು ನೋಡಿಕೊಳ್ಳಿ. ಈ ನಿಯಮಗಳು ತಿದ್ದುಪಡಿಯಾಗುತ್ತಲೇ ಇವೆ. 2023ರ ತಿದ್ದುಪಡಿಯಲ್ಲಿದ್ದ, ಕೇಂದ್ರ ಸರ್ಕಾರದ ಕುರಿತ ಸುಳ್ಳು ಮಾಹಿತಿಯನ್ನು ಗುರುತಿಸುವ ಸತ್ಯಶೋಧನಾ ಘಟಕದ ಭಾಗವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿದ್ದೂ ಈ ಪ್ರಕರಣ ನಡೆಯುತ್ತಿದ್ದಾಗಲೇ.

ಎರಡು ಕೆಲಸಗಳು ಉಳಿದಿವೆ. ಸುಳ್ಳು ದೂರು ಕೊಟ್ಟ ವ್ಯಾಪಾರಿಗೆ ವಕೀಲರು ನೋಟಿಸ್ ಕಳುಹಿಸಿದ್ದಾರೆ. ಆಧಾರವಿಲ್ಲದೆ ಕಾಪಿರೈಟಿನ ಬೆದರಿಕೆ ಹಾಕುವವರ ವಿರುದ್ಧ ದಾವೆ ಹೂಡಲು ಕಾಪಿರೈಟ್ ಕಾಯ್ದೆಯ 60ನೇ ಕಲಮಿನಲ್ಲಿ ಅವಕಾಶವಿದೆ, ಅವರ ಉತ್ತರ ನೋಡಿ ಮುಂದಿನ ತೀರ್ಮಾನ. ಜಾಹೀರಾತಿಗೆ ಕಟ್ಟಿದ್ದ ಮುಂಗಡ ಹಣ ಇನ್ನೂ ಮರಳಿಲ್ಲ. ಅದಕ್ಕೆ ಗ್ರಾಹಕ ಆಯೋಗಕ್ಕೆ ಹೋಗಬಹುದೇ, ವ್ಯಾಪಾರಕ್ಕಾಗಿ ಪಡೆದ ಸೇವೆ ಎಂಬ ಕಾರಣಕ್ಕೆ ಅರ್ಜಿ ನಿಲ್ಲದೇ ಹೋಗುತ್ತದೆಯೇ ಎಂಬುದನ್ನು ವಕೀಲರು ನೋಡುತ್ತಿದ್ದಾರೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಅರ್ಜಿಯನ್ನೂ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಪಾವತಿಯ ರಸೀದಿಗಳನ್ನು ಈಗಾಗಲೇ ಒಟ್ಟುಮಾಡಿ ಅವರಿಗೆ ಕೊಟ್ಟಿದ್ದೇನೆ.